ಸ್ಟಾರ್ಟಪ್ ಮುಚ್ಚಿದ ಮೇಲೆ ಕಲಾವಿದರ ಚಿತ್ರಗಳ ಟೀ ಶರ್ಟ್ ವ್ಯಾಪಾರ: ಸಲಹೆ ಬೇಕಾಗಿದೆ

ಪ್ರಶ್ನೆ — ಮೈಸೂರಿಗ

ಎಲ್ಲರಿಗೂ ನಮಸ್ಕಾರ. ಮನೆಗಳಿಗೆ ದಿನಸಿ ತಲುಪಿಸುವ ಸಣ್ಣದೊಂದು ಸ್ಟಾರ್ಟಪ್ಪನ್ನು ನಾನೂ ನನ್ನ ಸ್ನೇಹಿತರೊಬ್ಬರೂ ಮೈಸೂರಿನಲ್ಲಿ ನಡೆಸುತ್ತಿದ್ದೆವು. ಎರಡನೆಯ ಸುತ್ತಿನ ಹೂಡಿಕೆಗೆ ಒಪ್ಪಿದ್ದವರು ಕೊನೆಯ ಹಂತದಲ್ಲಿ ಹಿಂದೆ ಸರಿದುದರಿಂದ ಕಳೆದ ವರ್ಷ ಅದನ್ನು ನಿಲ್ಲಿಸಬೇಕಾಯಿತು. ಸಂಬಳ, ಬಾಡಿಗೆ, ಸರಕಿನ ಬಾಕಿಗಳನ್ನೆಲ್ಲ ತೀರಿಸಿದ ಮೇಲೆ ನನ್ನ ಪಾಲಿಗೆ ಸುಮಾರು ಮೂರು ಲಕ್ಷ ರೂಪಾಯಿ ಉಳಿದಿದೆ.

ಈಗ ಕಲಾವಿದರು ರಚಿಸಿದ ಚಿತ್ರಗಳನ್ನು ಟೀ ಶರ್ಟಿನ ಮೇಲೆ ಮುದ್ರಿಸಿ ಮಾರುವ ಯೋಚನೆಯಲ್ಲಿದ್ದೇನೆ. ಇಲ್ಲಿಯ ಕಲಾ ಕಾಲೇಜಾದ ಕಾವಾದಲ್ಲಿ ಓದಿದ ಇಬ್ಬರು ಪರಿಚಯದವರು ಹಾಗೂ ಸಾಗರದ ಕಡೆಯ, ಚಿತ್ತಾರವೆಂಬ ಗೋಡೆಯ ಚಿತ್ರ ಬರೆಯುವ ಒಬ್ಬ ತಾಯಿ ಚಿತ್ರ ಕೊಡಲು ಒಪ್ಪಿದ್ದಾರೆ. ಆರು ಚಿತ್ರಗಳನ್ನು ಕಪ್ಪು ಮತ್ತು ಬಿಳಿ ಬಟ್ಟೆಯಲ್ಲಿ, ಎಲ್ಲ ಅಳತೆಗಳಲ್ಲೂ ಮುದ್ರಿಸಿಟ್ಟುಕೊಂಡು ರಾಜ್ಯೋತ್ಸವದ ಹೊತ್ತಿಗೆ ಮಾರಾಟಕ್ಕೆ ಇಳಿಯಬೇಕೆಂದಿದೆ. ಮುದ್ರಣಕ್ಕೆ ಯಾವ ವಿಧಾನ ಸೂಕ್ತ, ಕಲಾವಿದರಿಗೆ ಒಂದೇ ಸಲಕ್ಕೆ ಹಣ ಕೊಡಬೇಕೇ ಅಥವಾ ಮಾರಾಟದಲ್ಲಿ ಪಾಲು ಕೊಡಬೇಕೇ, ಹಳೆಯ ಕಂಪನಿಯ ಹೆಸರಿನಲ್ಲಿಯೇ ಇದನ್ನು ನಡೆಸಬಹುದೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1 — ಬೊಮ್ಮನಹಳ್ಳಿ ಗಾರ್ಮೆಂಟ್ಸ್

ಬಟ್ಟೆಯ ವ್ಯಾಪಾರದಲ್ಲಿ ದುಡ್ಡು ಹೋಗುವುದು ಗೋದಾಮಿನಲ್ಲಿ. ಆದ್ದರಿಂದ ಮೊದಲು ಅದರ ಲೆಕ್ಕ ಹಾಕೋಣ. ಆರು ಚಿತ್ರ, ಎರಡು ಬಣ್ಣ, ಎಸ್‌ನಿಂದ ಡಬಲ್ ಎಕ್ಸೆಲ್‌ವರೆಗೆ ಐದು ಅಳತೆ ಎಂದರೆ ಅರವತ್ತು ಬಗೆಯ ಸರಕಾಯಿತು. ಒಂದೊಂದರಲ್ಲಿ ಹತ್ತೇ ಇಟ್ಟುಕೊಂಡರೂ ಆರುನೂರು ಟೀ ಶರ್ಟುಗಳು. ಎಂ ಮತ್ತು ಎಲ್ ಬೇಗ ಖಾಲಿಯಾಗುತ್ತವೆ, ಉಳಿದವು ಮೂಲೆಯಲ್ಲಿ ಕೂರುತ್ತವೆ. ಒಮ್ಮೆ ಮುದ್ರಿಸಿದ ಬಟ್ಟೆಯನ್ನು ಬೇರೆ ಯಾವುದಕ್ಕೂ ಬಳಸಲಾಗುವುದಿಲ್ಲ. ಮುದ್ರಿಸದ ಸಾದಾ ಟೀ ಶರ್ಟನ್ನು ಮಾತ್ರ ಯಾವ ಚಿತ್ರಕ್ಕೂ ಬಳಸಬಹುದು. ಹಾಗಾಗಿ ತಿರುಪ್ಪೂರಿನಿಂದ ಸಾದಾ ಸರಕು ತರಿಸಿಟ್ಟುಕೊಂಡು, ಬೇಡಿಕೆ ನೋಡಿಕೊಂಡು ಸಣ್ಣ ಸಣ್ಣ ಪ್ರಮಾಣದಲ್ಲಿ ಮುದ್ರಿಸುವುದು ಮೂರು ಲಕ್ಷದ ಬಂಡವಾಳಕ್ಕೆ ಹೊಂದುವ ದಾರಿ.

ಬಟ್ಟೆ ಕೊಳ್ಳುವಾಗ ಕೋಂಬ್ಡ್ ಕಾಟನ್ (ಗಿಡ್ಡ ಎಳೆಗಳನ್ನು ಬಾಚಿ ತೆಗೆದ ಹತ್ತಿ), 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ ತೂಕ), ಬಯೋ ವಾಶ್ (ಕಿಣ್ವದಿಂದ ತೊಳೆದು ನಯಗೊಳಿಸಿದ್ದು) ಆಗಿರುವುದನ್ನೇ ಕೇಳಿ. ಮಾದರಿಯ ಒಂದೆರಡು ಶರ್ಟುಗಳ ಉದ್ದ ಅಗಲ ಬರೆದಿಟ್ಟುಕೊಂಡು, ಮನೆಯಲ್ಲಿ ನಾಲ್ಕೈದು ಬಾರಿ ಒಗೆದು ಮತ್ತೆ ಅಳೆಯದೆ ದೊಡ್ಡ ಆರ್ಡರ್ ಕೊಡಬೇಡಿ. ಕುಗ್ಗುವಿಕೆಯ ಬಗ್ಗೆ ಮಾರುವವರು ಬಾಯಲ್ಲಿ ಹೇಳುವ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಮುದ್ರಣದಲ್ಲಿ ಸ್ಕ್ರೀನ್ ಪ್ರಿಂಟಿಂಗಿಗೆ, ಅಂದರೆ ಜಾಲರಿಯ ಮೂಲಕ ಶಾಯಿ ಒತ್ತುವ ವಿಧಾನಕ್ಕೆ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಕ್ರೀನ್ ಬೇಕಾಗುವುದರಿಂದ ಆರಂಭದ ಖರ್ಚು ಹೆಚ್ಚು, ಸಂಖ್ಯೆ ಏರಿದಂತೆ ಒಂದು ಶರ್ಟಿಗೆ ಬೀಳುವ ಖರ್ಚು ಇಳಿಯುತ್ತದೆ. ಡಿಟಿಎಫ್ ಎಂದರೆ ಹಾಳೆಯ ಮೇಲೆ ಮುದ್ರಿಸಿ, ಅಂಟಿನ ಪುಡಿ ಉದುರಿಸಿ, ಬಿಸಿ ಒತ್ತಿನಲ್ಲಿ ಬಟ್ಟೆಗೆ ಹತ್ತಿಸುವುದು. ಅದರಲ್ಲಿ ಒಂದೇ ಶರ್ಟನ್ನೂ ಮಾಡಿಕೊಡುತ್ತಾರೆ, ಆದರೆ ಚಿತ್ರ ದೊಡ್ಡದಾಗಿದ್ದರೆ ಎದೆಯ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದಂತಾಗಿ ಬೇಸಿಗೆಯಲ್ಲಿ ಬೆವರು ಬಿಡುತ್ತದೆ.

ತಮಗೆ ಚಿತ್ತಾರದವರು ಸಿಕ್ಕಿರುವುದು ಇಲ್ಲಿ ನಿಜಕ್ಕೂ ಅನುಕೂಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯನ್ನು ಪುಂಡಿ ನಾರಿನ ಕುಂಚದಿಂದ ಗೆರೆಯಾಗಿ ಎಳೆಯುವುದು ಆ ಕಲೆಯ ಜೀವಾಳ. ಕಪ್ಪು ಬಿಳಿಯನ್ನು ಬಿಟ್ಟು ಕೆಮ್ಮಣ್ಣಿನ ಬಣ್ಣದ ಬಟ್ಟೆ ತೆಗೆದುಕೊಂಡರೆ, ಬಿಳಿ ಶಾಯಿಯ ಒಂದೇ ಸ್ಕ್ರೀನಿನಲ್ಲಿ ಕೆಲಸ ಮುಗಿಯುತ್ತದೆ.

ಬೆಲೆಯ ವಿಚಾರವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಅಂಕಿಗಳನ್ನು ತಮ್ಮ ದರಕ್ಕೆ ಬದಲಾಯಿಸಿಕೊಳ್ಳಿ. 599 ರೂಪಾಯಿಗೆ ಮಾರಿದರೆ ಶೇಕಡಾ 5ರ ಜಿಎಸ್‌ಟಿ ಕಳೆದು ಸುಮಾರು 570 ಉಳಿಯುತ್ತದೆ. ಸಾದಾ ಶರ್ಟಿಗೆ 180, ಮುದ್ರಣಕ್ಕೆ 70, ಕವರು ಮತ್ತು ಕೊರಿಯರಿಗೆ 85, ಆನ್‌ಲೈನ್ ಪಾವತಿಯ ಶುಲ್ಕಕ್ಕೆ 12, ಕಲಾವಿದರಿಗೆ 57 ಎಂದು ಹಿಡಿದರೆ ಕೈಗೆ ಬರುವುದು 166. ಜಾಹೀರಾತಿನ ಖರ್ಚೂ ಇದರಲ್ಲಿಯೇ ಹೋಗಬೇಕು. ಕ್ಯಾಶ್ ಆನ್ ಡೆಲಿವರಿ ಕೊಟ್ಟರೆ ಬಾಗಿಲಲ್ಲಿ ಬೇಡವೆಂದು ವಾಪಸ್ ಕಳಿಸಿದ ಪಾರ್ಸೆಲ್ಲಿನ ಹೋಗಿ ಬರುವ ಕೊರಿಯರ್ ಎರಡೂ ತಮ್ಮ ತಲೆಗೇ ಬರುತ್ತದೆ. ದಿನಸಿ ತಲುಪಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉತ್ತರ 2 — ಕುಂಚ ಮತ್ತು ಕಾಗದ

ನಾನು ಚಿತ್ರ ಬರೆಯುವವಳು, ಹಾಗಾಗಿ ಕಲಾವಿದರ ಕಡೆಯಿಂದ ಬರೆಯುತ್ತೇನೆ. ಷಿಕಾಗೊದಲ್ಲಿ 2000ದಲ್ಲಿ ಆರಂಭವಾದ ಥ್ರೆಡ್‌ಲೆಸ್ ಎಂಬ ಸಂಸ್ಥೆಯು ಕಲಾವಿದರು ಕಳಿಸಿದ ವಿನ್ಯಾಸಗಳನ್ನು ಜನರ ಮತಕ್ಕೆ ಇಟ್ಟು, ಗೆದ್ದವುಗಳನ್ನು ಮುದ್ರಿಸಿ ಹೆಸರು ಮಾಡಿತು. ಅದರಿಂದ ನೀವು ತೆಗೆದುಕೊಳ್ಳಬಹುದಾದದ್ದು ಮುದ್ರಿಸುವ ಮೊದಲೇ ಕೊಳ್ಳುವವರು ಇದ್ದಾರೆಯೇ ಎಂದು ತಿಳಿದುಕೊಳ್ಳುವ ಕ್ರಮವನ್ನು. ಮುಂಗಡ ಆರ್ಡರ್ ತೆಗೆದುಕೊಂಡರೂ ಅದೇ ಆಯಿತು.

ಹಣದ ವಿಚಾರದಲ್ಲಿ ಎರಡನ್ನೂ ಸೇರಿಸಿ ಕೊಡಿ. ಚಿತ್ರ ಒಪ್ಪಿಸಿದಾಗ ಮಾರಾಟವಾಗಲಿ ಬಿಡಲಿ ಹಿಂದಿರುಗಿಸಬೇಕಿಲ್ಲದ ಒಂದು ಮೊತ್ತ, ಆಮೇಲೆ ಮಾರಿದ ಪ್ರತಿಯೊಂದು ಶರ್ಟಿಗೂ ಪಾಲು. ಬರೀ ಪಾಲಿನ ಮಾತಾಡುವವರು ತಮ್ಮ ವ್ಯಾಪಾರದ ಅಪಾಯವನ್ನು ಕಲಾವಿದರ ಮೇಲೆ ಹೊರಿಸುತ್ತಾರೆಂಬುದು ನನ್ನ ಅಭಿಪ್ರಾಯ.

ಒಪ್ಪಂದವು ಬರಹದಲ್ಲಿ, ಸಹಿಯೊಂದಿಗೆ ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಹಕ್ಕಿನ ವರ್ಗಾವಣೆ ಎಷ್ಟು ಕಾಲಕ್ಕೆಂದು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಎಂದೂ, ಯಾವ ಪ್ರದೇಶಕ್ಕೆಂದು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಭಾವಿಸಲಾಗುತ್ತದೆ. ವಿದೇಶದ ಕನ್ನಡಿಗರಿಗೂ ಮಾರುವ ಆಸೆ ಇದ್ದರೆ ಅದನ್ನು ಬರೆಯಿರಿ. ಪೂರ್ಣ ಹಕ್ಕು ಕೊಳ್ಳುವುದಕ್ಕಿಂತ ಟೀ ಶರ್ಟಿಗೆ ಮಾತ್ರ ಎರಡು ವರ್ಷದ ಪರವಾನಗಿ ಕೇಳಿದರೆ ಕಲಾವಿದರು ಸುಲಭವಾಗಿ ಒಪ್ಪುತ್ತಾರೆ. ಇದೇ ಕಾಯ್ದೆಯ 15ನೆಯ ಕಲಮನ್ನು ವಕೀಲರೊಂದಿಗೆ ಚರ್ಚಿಸುವುದೂ ಒಳ್ಳೆಯದು: ವಿನ್ಯಾಸವಾಗಿ ನೋಂದಾಯಿಸಲು ಅರ್ಹವಾದದ್ದನ್ನು ನೋಂದಾಯಿಸದೆ, ಅದನ್ನು ಅನ್ವಯಿಸಿದ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ ಐವತ್ತಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ, ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ನಿಲ್ಲುತ್ತದೆ ಎಂದು ಅದು ಹೇಳುತ್ತದೆ.

ಚಿತ್ತಾರವು ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕಲೆ. ಸಂಪ್ರದಾಯ ಎಲ್ಲರದೂ ಆಗಿರಬಹುದು, ಆ ತಾಯಿ ಬರೆದುಕೊಟ್ಟ ಹಸೆ ಚಿತ್ತಾರ ಅವರದೇ. ಅವರ ಹೆಸರನ್ನು ಶರ್ಟಿನ ಒಳಗಿನ ಲೇಬಲ್ಲಿನಲ್ಲಿ ಮುದ್ರಿಸಿ. ಒಪ್ಪಂದವನ್ನು ಕನ್ನಡದಲ್ಲಿಯೇ ಬರೆಸಿ, ಅವರ ಮನೆಯವರ ಎದುರಿನಲ್ಲಿ ಓದಿ ಹೇಳಿ.

ಇನ್ನೊಂದು ಮಾತು. ರಾಜ್ಯೋತ್ಸವದ ಸಂದರ್ಭವಾದ್ದರಿಂದ ಕವಿತೆಯ ಸಾಲು ಹಾಕುವ ಮನಸ್ಸಾಗುತ್ತದೆ. ಹಳೆಯ ವಚನ, ಕೀರ್ತನೆಗಳಿಗೆ ಕೃತಿಸ್ವಾಮ್ಯದ ಅಡ್ಡಿಯಿಲ್ಲ. ಆದರೆ 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳ ಹಕ್ಕು 2041ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2054ರ ಕೊನೆಯವರೆಗೂ ಇರುತ್ತದೆ. ರಾಜ್ಯ ಸರ್ಕಾರದ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದಕ್ಕೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ನಿರ್ಬಂಧವಿದೆ. ಗಂಡಭೇರುಂಡ ಬೇಕೇ ಬೇಕೆಂದರೆ ಕಲಾವಿದರಿಂದ ಬೇರೆಯಾಗಿ ಬರೆಸಿ.

ಉತ್ತರ 3 — ಲೆಕ್ಕಪತ್ರ

ಹಳೆಯ ಕಂಪನಿಯ ಹೆಸರಿನಲ್ಲಿ ನಡೆಸಬೇಡಿ. ಅದರಲ್ಲಿ ತಮ್ಮ ಸ್ನೇಹಿತರ ಪಾಲೂ ಹಳೆಯ ಹೂಡಿಕೆದಾರರ ಪಾಲೂ ಇರುತ್ತದೆ. ಹಾಗೆಂದು ಅದನ್ನು ಸುಮ್ಮನೆ ಬಿಡಲೂಬಾರದು. ಸತತ ಮೂರು ವರ್ಷ ವಾರ್ಷಿಕ ವಿವರ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷಗಳ ಮಟ್ಟಿಗೆ ಅನರ್ಹರಾಗುತ್ತಾರೆ, ಮುಂದೆ ಹೊಸ ಕಂಪನಿ ಮಾಡುವಾಗ ಅದು ಕಾಲಿಗೆ ತೊಡರುತ್ತದೆ. ಎಸ್‌ಟಿಕೆ 2 ನಮೂನೆಯಲ್ಲಿ ಕಂಪನಿಗಳ ಸರ್ಕಾರಿ ಪಟ್ಟಿಯಿಂದ ಹೆಸರು ತೆಗೆಸಲು ಅರ್ಜಿ ಹಾಕಿ, ಜಿಎಸ್‌ಟಿ ನೋಂದಣಿ ರದ್ದಾಗಿದ್ದರೆ ಜಿಎಸ್‌ಟಿಆರ್ 10 ಎಂಬ ಅಂತಿಮ ವಿವರವನ್ನೂ ಸಲ್ಲಿಸಿ. ಹೊಸದನ್ನು ಸದ್ಯಕ್ಕೆ ಏಕವ್ಯಕ್ತಿ ಮಾಲೀಕತ್ವದಲ್ಲಿ, ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಯೊಂದಿಗೆ ಆರಂಭಿಸಿದರೆ ಸಾಕು. ಟೀ ಶರ್ಟನ್ನು ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕು.

ಮೈಸೂರಿಗ

ಮೂವರಿಗೂ ಕೃತಜ್ಞತೆಗಳು. ಆರು ಚಿತ್ರಗಳ ಬದಲು ಎರಡೇ ಚಿತ್ರಗಳಿಂದ, ಅಂದರೆ ಕೆಮ್ಮಣ್ಣು ಬಣ್ಣದ ಮೇಲೆ ಚಿತ್ತಾರ ಹಾಗೂ ಕಪ್ಪಿನ ಮೇಲೆ ಒಂದು ವಚನದ ಸಾಲಿನ ಕೈಬರಹ, ಇವುಗಳಿಂದ ಮುಂಗಡ ಆರ್ಡರ್ ತೆಗೆದುಕೊಂಡು ಆರಂಭಿಸುತ್ತೇನೆ. ವಚನದ ಮಾದರಿಯನ್ನು ಇಲ್ಲಿಯ ಒಬ್ಬರಲ್ಲಿ ಮುದ್ರಿಸಿ ನೋಡಿದೆ. ಒತ್ತಕ್ಷರಗಳ ಒಳಗಿನ ಜಾಗದಲ್ಲಿ ಶಾಯಿ ತುಂಬಿಕೊಂಡು ಅಕ್ಷರ ಮುದ್ದೆಯಾಗಿದೆ. ಇದಕ್ಕೆ ಏನು ಮಾಡಬೇಕು?

ಬೊಮ್ಮನಹಳ್ಳಿ ಗಾರ್ಮೆಂಟ್ಸ್

ಇನ್ನಷ್ಟು ನಯವಾದ ಜಾಲರಿಯ ಸ್ಕ್ರೀನ್ ಹಾಕಲು ಹೇಳಿ, ಕಪ್ಪು ಬಟ್ಟೆಯ ಮೇಲೆ ಬಿಳಿ ಶಾಯಿಯನ್ನು ದಪ್ಪಗೆ ಎಳೆಯುತ್ತಿದ್ದಾರೆಯೇ ಎಂಬುದನ್ನೂ ನೋಡಿ. ಅಷ್ಟರಲ್ಲಿ ಸರಿಹೋಗದಿದ್ದರೆ ಬರೆದವರಿಂದಲೇ ಒತ್ತಕ್ಷರಗಳನ್ನು ತುಸು ದೊಡ್ಡದಾಗಿ, ಹೊಟ್ಟೆ ಅಗಲವಾಗಿರುವಂತೆ ಮತ್ತೆ ಬರೆಸಿ. ಮುದ್ರಿಸಿದ ಮೇಲೆ ಒಗೆದು ನೋಡಿಯೇ ಉಳಿದವಕ್ಕೆ ಒಪ್ಪಿಗೆ ಕೊಡಿ. ಪ್ಲಾಸ್ಟಿಸಾಲ್ ಎಂಬ ಪ್ಲಾಸ್ಟಿಕ್ ಅಂಶದ ಶಾಯಿ ಸುಮಾರು 160 ಡಿಗ್ರಿ ಬಿಸಿಯಲ್ಲಿ ಪೂರ್ತಿ ಬೇಯದಿದ್ದರೆ ಅಕ್ಷರ ಚೆನ್ನಾಗಿ ಕಂಡರೂ ಒಗೆತಕ್ಕೆ ಬಿರುಕು ಬಿಡುತ್ತದೆ.