ಮೊದಲು ಸಿಂಕ್ ನೋಡು, ಆಮೇಲೆ ಗೋಡೆ

ಪುಟ್ಟಿ, ನಿನ್ನ ಮೆಸೇಜು, ಎರಡೂ ಜಾಗದ ಫೋಟೋ, ಅದರ ಕೆಳಗೆ ಎಲ್ಲರೂ ಹೇಳಿದ್ದು, ಎಲ್ಲಾ ಈಗಷ್ಟೇ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಬೇಡ ಅನ್ನಿಸಿದವರು ದಾಟಿಕೊಂಡು ಹೋಗಿ. ಹಿಂದಿನ ಮೆಸೇಜು ಓದದವರಿಗೆ ವಿಷಯ ಇಷ್ಟು: ಇವಳು ಪ್ರತಿ ಶನಿವಾರ 12 ಜನಕ್ಕೆ ಕೈಯಲ್ಲೇ ಮಣ್ಣಿನ ಪಾತ್ರೆ ಮಾಡುವುದನ್ನು ಹೇಳಿಕೊಡಬೇಕು ಅಂತಿದ್ದಾಳೆ. ಗಂಟೆ ಲೆಕ್ಕದ ಬಾಡಿಗೆಗೆ ಎರಡು ಜಾಗ ನೋಡಿದ್ದಾಳೆ. ಒಂದು ಬಿಳಿ ಗೋಡೆ, ದೊಡ್ಡ ಗಾಜಿನ ಕಿಟಕಿ, ಮರದ ನೆಲ ಇರುವ ಸ್ಟುಡಿಯೋ. ಇನ್ನೊಂದು ಹಳೇ ಗೋಡೌನ್ ತರಹದ್ದು, ಸಿಮೆಂಟ್ ನೆಲ, ಮೂಲೆಯಲ್ಲಿ ಆಳವಾದ ಸಿಂಕ್. ನೀವೆಲ್ಲಾ ಮೊದಲನೆಯದಕ್ಕೇ ಹಾರ್ಟ್ ಒತ್ತಿದ್ದೀರಿ. ನನ್ನ ಓಟು ಎರಡನೆಯದಕ್ಕೆ.

ಬಟ್ಟೆಗೆ ಅಚ್ಚು ಹಾಕುವ ಕ್ಲಾಸನ್ನು ಇಂಥ ಬಾಡಿಗೆ ಜಾಗಗಳಲ್ಲೇ ನಡೆಸಿಕೊಂಡು ಬಂದವಳು ನಾನು, ಹಾಗಾಗಿ ಫೋಟೋ ನೋಡಿ ಮರುಳಾಗುವುದು ಬಿಟ್ಟಿದ್ದೇನೆ. ಫೋಟೋ ತೆಗೆಯುವಾಗ ರೂಮಿನಲ್ಲಿ ಯಾರೂ ಇರುವುದಿಲ್ಲ. ನಿನಗೆ ಬೇಕಾಗಿರುವುದು ಜನ ಬರುವ ಮುಂಚಿನ ಮುಕ್ಕಾಲು ಗಂಟೆ, ಜನ ಹೋದ ಮೇಲಿನ ಮುಕ್ಕಾಲು ಗಂಟೆ ಆ ಜಾಗ ಹೇಗಿರುತ್ತದೆ ಅನ್ನುವುದು. ಮಧ್ಯದ ಮೂರು ಗಂಟೆ ಹೇಗೋ ನಡೆದುಹೋಗುತ್ತದೆ, ಅದಕ್ಕೆ ನೀನಿದ್ದೀಯಲ್ಲ.

ಮೊದಲು ನೀರಿನ ವಿಷಯ. ಬಿಳಿ ಸ್ಟುಡಿಯೋದಲ್ಲಿ ನೀರು ಎಲ್ಲಿದೆ ಅಂತ ಕೇಳಿದೆಯಾ? ಫೋಟೋದಲ್ಲಿ ಟಾಯ್ಲೆಟ್ಟಿನ ಪುಟ್ಟ ಬೇಸಿನ್ ಬಿಟ್ಟರೆ ನನಗೇನೂ ಕಾಣಲಿಲ್ಲ. ಅಂಥ ಬೇಸಿನ್ನಿಗೆ ಬಕೆಟ್ ಇಳಿಯುವುದೇ ಇಲ್ಲ, ಮಗ್ಗಿನಲ್ಲಿ ಮೊಗೆದು ಮೊಗೆದು ತುಂಬಿಸಬೇಕು. 12 ಜನ ಮೊಣಕೈವರೆಗೆ ಮಣ್ಣು ಮಾಡಿಕೊಂಡು ಅಲ್ಲೇ ಸಾಲು ನಿಲ್ಲುತ್ತಾರೆ, ಆ ಮಣ್ಣೆಲ್ಲಾ ಪೈಪಿಗೆ ಇಳಿದು ಬೆಂಡಿನಲ್ಲಿ ಕೂರುತ್ತದೆ. ಜೇಡಿಮಣ್ಣು ನೀರಿನಲ್ಲಿ ಕರಗಿ ಹೋಗುವುದಿಲ್ಲ, ತಳ ಸೇರಿ ಗಟ್ಟಿಯಾಗುತ್ತದೆ ಅಷ್ಟೇ. ಬೇಸಿನ್ ಕಟ್ಟಿಕೊಂಡರೆ ರಿಪೇರಿ ಖರ್ಚು ನಿನ್ನ ಡೆಪಾಸಿಟ್ಟಿನಿಂದಲೇ ಹೋಗುವುದು. ಎಲ್ಲೇ ಮಾಡಿದರೂ ಮೂರು ಬಕೆಟ್ ಇಡು. ಮೊದಲನೆಯದರಲ್ಲಿ ಕೈ ಉಜ್ಜಿ ತೊಳೆಯಬೇಕು, ಎರಡನೆಯದರಲ್ಲಿ ಜಾಲಿಸಬೇಕು, ಮೂರನೆಯದರಲ್ಲಿ ಇನ್ನೊಂದು ಸಲ, ಅಷ್ಟಾದ ಮೇಲೆ ಸಿಂಕಿಗೆ ಹೋಗಬಹುದು. ಬಕೆಟ್ಟನ್ನು ಒಂದು ರಾತ್ರಿ ಅಲ್ಲಾಡಿಸದೆ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ, ಮೇಲಿನ ತಿಳಿನೀರು ಚೆಲ್ಲಿ ತಳದ ಕೆಸರನ್ನು ಮತ್ತೆ ಬಳಸಬಹುದು. ಆದರೆ ಗಂಟೆ ಲೆಕ್ಕದ ಜಾಗದಲ್ಲಿ ಒಂದು ರಾತ್ರಿ ಎಲ್ಲಿಂದ ಬರಬೇಕು? ಅದಕ್ಕೇ ಮುಚ್ಚಳ ಭದ್ರವಾಗಿ ಕೂರುವ ಬಕೆಟ್ ತಗೋ, ಕಾರಿನಲ್ಲಿ ಇಟ್ಟುಕೊಂಡು ಬರಬೇಕಾಗುತ್ತದೆ. ಮುಂದೆ ಯಾವತ್ತಾದರೂ ಪ್ಲಾಸ್ಟರ್ ಅಚ್ಚು ಹೇಳಿಕೊಡುವ ಯೋಚನೆ ಇದ್ದರೆ ಅದರ ನೀರು ಸಿಂಕಿಗೆ ಒಂದು ಹನಿಯೂ ಬೇಡ, ಪ್ಲಾಸ್ಟರ್ ನೀರಿನೊಳಗೇ ಕಲ್ಲಾಗುತ್ತದೆ.

ಇನ್ನು ನೆಲ. ಆ ಮರದ ನೆಲ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ನೆಲದ ಮೇಲೆ ನಿನ್ನ ಕ್ಲಾಸಿನ ಮಾರನೇ ದಿನ ಬೆಳಿಗ್ಗೆ ಬೇರೆಯವರ ಯೋಗ ಕ್ಲಾಸ್ ಇದೆ ಅಂತ ನೀನೇ ಬರೆದಿದ್ದೀಯ. ಅವರು ಬರಿಗಾಲಲ್ಲಿ ನಡೆದು, ನೆಲಕ್ಕೆ ಮುಖ ತಾಗಿಸಿ ಉಸಿರಾಡುವವರು. ಒಣಗಿದ ಜೇಡಿಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಅದನ್ನು ಉಸಿರಾಡಿದರೆ ಶ್ವಾಸಕೋಶ ಹಾಳಾಗುತ್ತದೆ. ಮಣ್ಣಿನ ಕೆಲಸದವರು ಒಣ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲೇ ಒರೆಸುವುದು ಇದಕ್ಕೇ. ಗುಡಿಸಿದರೆ ಧೂಳು ಎದ್ದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಸಿಮೆಂಟ್ ನೆಲವಾದರೆ ನೀರು ಹಾಕಿ ಎರಡು ಸಲ ಮಾಪ್ ಮಾಡಿ ಹೊರಟುಬಿಡಬಹುದು. ಮರದ ನೆಲಕ್ಕೆ ಅಷ್ಟು ನೀರು ಹಾಕುವುದನ್ನು ಯಾವ ಮಾಲೀಕರೂ ಒಪ್ಪುವುದಿಲ್ಲ. ಟಾರ್ಪಾಲ್ ಹಾಸುತ್ತೇನೆ ಅಂತ ಬರೆದಿದ್ದೆ ನೋಡು, ಒದ್ದೆ ಟಾರ್ಪಾಲ್ ಮೇಲೆ ಜನ ಜಾರಿ ಬೀಳುತ್ತಾರೆ. ಹಾಸಲೇಬೇಕು ಅಂದರೆ ಮೇಲೆ ದಪ್ಪ ಹತ್ತಿ ಬಟ್ಟೆ, ಅಡಿಯಲ್ಲಿ ಪ್ಲಾಸ್ಟಿಕ್ ಪದರ ಇರುವುದು ಸಿಗುತ್ತದೆ, ಅದು ತಗೋ.

ಈಗ ಅಳತೆ. ಮಾಲೀಕರು "60 ಜನ ಹಿಡಿಯುತ್ತಾರೆ" ಅಂದರು ಅಂದೆಯಲ್ಲ. ಹಿಡಿಯುತ್ತಾರೆ, ನಿಂತುಕೊಂಡರೆ. 36 ಚದರ ಮೀಟರ್, ಅಂದರೆ ಸುಮಾರು 390 ಚದರ ಅಡಿ ಜಾಗದಲ್ಲಿ ಪಾರ್ಟಿ ತರಹ ನಿಂತರೆ 60 ಜನ, ಸಾಲಾಗಿ ಕುರ್ಚಿ ಹಾಕಿದರೆ 35ರ ಆಸುಪಾಸು, ಟೇಬಲ್ ಹಾಕಿ ಕೆಲಸ ಮಾಡಿಸಿದರೆ 12 ಜನ. ಕೆಲಸಕ್ಕೆ ಕೂರುವವರಿಗೆ ತಲೆಗೆ ಎರಡೂವರೆಯಿಂದ ಮೂರು ಚದರ ಮೀಟರ್ ಬೇಕು. 180 ಸೆಂಟಿಮೀಟರ್ ಉದ್ದದ ಟೇಬಲ್‌ಗೆ ನಾಲ್ಕು ಜನ, ಆ ಕಡೆ ಇಬ್ಬರು ಈ ಕಡೆ ಇಬ್ಬರು. ಆರು ಜನ ಕೂರಬಹುದು ಅಂತ ಅವರು ಹೇಳುತ್ತಾರೆ, ಊಟಕ್ಕಾದರೆ ಸರಿ, ಮಣ್ಣು ಹರಡಿಕೊಂಡು ಕೂತವರ ಮೊಣಕೈ ಒಂದಕ್ಕೊಂದು ತಾಗುತ್ತದೆ. ಕುರ್ಚಿ ಹಿಂದೆ ನೀನು ಓಡಾಡಲು 90 ಸೆಂಟಿಮೀಟರ್ ಬಿಡಬೇಕು. ಹೋಗುವಾಗ ಟೇಪ್ ತಗೊಂಡು ಹೋಗು, ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ನೋಡು, ಅವರು ಏನಂದುಕೊಂಡರೂ ಪರವಾಗಿಲ್ಲ.

ಟೇಬಲ್ ಮಡಚುತ್ತವೆ, ಎಲ್ಲಾ ಫ್ಲೆಕ್ಸಿಬಲ್ ಅಂತ ಜಾಹೀರಾತಿನಲ್ಲಿ ಹಾಕಿದ್ದಾರೆ. ಸರಿ, ಮಡಚುವವರು ಯಾರು? ಮಡಚಿದ ಮೇಲೆ ಎಲ್ಲಿ ಇಡಬೇಕು? ಒಂದು ಕಡೆ ಹೊಲಿಗೆ ಕ್ಲಾಸಿಗೆ ಸಹಾಯ ಮಾಡಲು ಹೋಗಿದ್ದೆ. ಟೇಬಲ್‌ಗಳು ಕೆಳಗಿನ ಮಹಡಿಯ ಸ್ಟೋರ್‌ನಲ್ಲಿ, ಬೀಗದ ಕೈ ಸೆಕ್ಯುರಿಟಿಯವರ ಹತ್ತಿರ, ಅವರು ತಿಂಡಿಗೆ ಹೋಗಿದ್ದರು. ಕಲಿಯಲು ಬಂದವರೇ ಟೇಬಲ್ ಹೊತ್ತರು. ಮುಗಿಯುವ ಹೊತ್ತಿಗೆ ಮುಂದಿನ ಬುಕಿಂಗಿನವರು ಬಾಗಿಲಲ್ಲಿ ಸ್ಪೀಕರ್ ಹಿಡಿದು ನಿಂತಿದ್ದರು, ಒಬ್ಬರ ಮೆಷಿನ್ನಿನ ಸೂಜಿ ಇನ್ನೂ ಬಟ್ಟೆಯೊಳಗೇ ಇತ್ತು. ಅದಕ್ಕೇ ಹೇಳುತ್ತಿರುವುದು, ಮೂರು ಗಂಟೆ ಕ್ಲಾಸಿಗೆ ನಾಲ್ಕೂವರೆ ಗಂಟೆ ಬುಕ್ ಮಾಡು. ಜಾಸ್ತಿ ದುಡ್ಡು ಅನ್ನಿಸುತ್ತದೆ, ಗೊತ್ತು. ಕೆಲವರು ಸಿದ್ಧತೆಯ ಸಮಯಕ್ಕೆ ಅರ್ಧ ಬಾಡಿಗೆ ತಗೊಳ್ಳುತ್ತಾರೆ, ಕೇಳಿದರೆ ಮಾತ್ರ. ನಾಚಿಕೆ ಬಿಟ್ಟು ಕೇಳು. ನಿನ್ನ ಮುಂಚೆ ಯಾರಿದ್ದಾರೆ, ಆಮೇಲೆ ಯಾರಿದ್ದಾರೆ, ಅದನ್ನೂ ಕೇಳು.

ಮಣ್ಣಿನ ಕೆಲಸಕ್ಕೆ ಇನ್ನೊಂದು ತಾಪತ್ರಯ ಇದೆ. ಮಾಡಿದ ಪಾತ್ರೆಗಳು ಅವತ್ತೇ ಮನೆಗೆ ಹೋಗುವುದಿಲ್ಲ ಅಲ್ವಾ. ನಿಧಾನವಾಗಿ, ಪೂರ್ತಿ ಒಣಗಬೇಕು. ಒಳಗೆ ತೇವ ಉಳಿದಿದ್ದರೆ ಪಾತ್ರೆ ಸುಡುವ ಗೂಡಿನಲ್ಲಿ 100 ಡಿಗ್ರಿ ದಾಟುವಾಗ ಆ ನೀರು ಆವಿಯಾಗಿ ಪಾತ್ರೆ ಸಿಡಿಯುತ್ತದೆ, ಪಕ್ಕದವರದ್ದನ್ನೂ ಒಡೆಯುತ್ತದೆ. ಹಾಗಾಗಿ ಒಂದು ವಾರ ಯಾರೂ ಮುಟ್ಟದ ಶೆಲ್ಫ್ ಬೇಕು. ಬಿಳಿ ಸ್ಟುಡಿಯೋದವರು "ಏನನ್ನೂ ಬಿಟ್ಟು ಹೋಗುವಂತಿಲ್ಲ" ಅಂತ ಬರೆದಿದ್ದಾರೆ, ನೀನು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲೇ ಇದೆ, ಕೊನೇ ಸಾಲು. ಅಂದರೆ ಹಸಿ ಪಾತ್ರೆಗಳನ್ನೆಲ್ಲಾ ಹಲಗೆ ಮೇಲೆ ಜೋಡಿಸಿ ಎರಡನೇ ಮಹಡಿಯಿಂದ ಮೆಟ್ಟಿಲು ಇಳಿಸಬೇಕು. ಒಂದೊಂದು ಮೆಟ್ಟಿಲಿಗೂ ಹಿಡಿಕೆಗಳು ಬೀಳುತ್ತವೆ. ತಲಾ ಒಂದೂವರೆ ಕಿಲೋ ಅಂದರೂ 18 ಕಿಲೋ ಮಣ್ಣು ಹತ್ತಿಸಬೇಕು, ಬಕೆಟ್‌ಗಳು ಬೇರೆ. ಗೋಡೌನ್ ನೆಲಮಹಡಿಯಲ್ಲಿದೆ. ಅಲ್ಲಿ ಒಂದು ಕಬ್ಬಿಣದ ರ‍್ಯಾಕ್ ತಿಂಗಳ ಬಾಡಿಗೆಗೆ ಕೊಡುತ್ತೀರಾ ಅಂತ ಕೇಳಿ ನೋಡು, ಇಡೀ ಮಾತುಕತೆಯಲ್ಲಿ ನಿನಗೆ ಹೆಚ್ಚು ಲಾಭ ಆಗುವುದು ಅದರಿಂದಲೇ.

ನೆಲಮಹಡಿ ಅಂದಾಗ ನೆನಪಾಯಿತು, ಅತ್ತೆ ಕೇಳಿದ್ದರು, ಗಾಲಿಕುರ್ಚಿಯಲ್ಲಿ ಬರುವವರಿಗೆ ಆಗುತ್ತದಾ ಅಂತ. ಬಾಗಿಲಲ್ಲಿ ಒಂದು ಮೆಟ್ಟಿಲು ಕಾಣುತ್ತದೆ. ಇಳಿಜಾರು ಹಲಗೆ ಇಡುವುದಾದರೆ ಒಂದಕ್ಕೆ ಹನ್ನೆರಡರ ಲೆಕ್ಕ, 15 ಸೆಂಟಿಮೀಟರ್ ಎತ್ತರಕ್ಕೆ 1.8 ಮೀಟರ್ ಉದ್ದದ ಹಲಗೆ. ಬಾಗಿಲು ತೆರೆದಾಗ ಕಡಿಮೆ ಅಂದರೂ 80 ಸೆಂಟಿಮೀಟರ್ ದಾರಿ ಸಿಗಬೇಕು. ಟಾಯ್ಲೆಟ್ ಬಾಗಿಲನ್ನೂ ಅಳೆದುಕೊಂಡು ಬಾ, ಎಲ್ಲರೂ ಮರೆಯುವುದು ಅದನ್ನೇ.

ಬೆಳಕಿನಲ್ಲಿ ಬಿಳಿ ಸ್ಟುಡಿಯೋನೇ ಮುಂದು, ಒಪ್ಪುತ್ತೇನೆ. ಆದರೆ ಕಿಟಕಿ ಪಡುವಣಕ್ಕಿದ್ದರೆ ಮಧ್ಯಾಹ್ನ ಮೂರಕ್ಕೆ ಅರ್ಧ ಜನ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಾರೆ, ಬಿಸಿಲು ಬಿದ್ದ ಕಡೆಯ ಮಣ್ಣು ಬೇಗ ಒಣಗಿ ಬಿರುಕು ಬಿಡುತ್ತದೆ. ಗೋಡೌನಿನಲ್ಲಿ ಮೇಜಿನ ಮೇಲೆ ಬೆಳಕು 500 ಲಕ್ಸ್ (ಬೆಳಕಿನ ಅಳತೆ) ಆದರೂ ಇರಬೇಕು, ಫೋನಿನ ಆಪ್‌ನಲ್ಲಿ ಅಂದಾಜು ಸಿಗುತ್ತದೆ. ಒಂದೇ ಲೈಟು ಬೆನ್ನ ಹಿಂದೆ ಇದ್ದರೆ ಅವರ ನೆರಳು ಅವರ ಕೈ ಮೇಲೇ ಬೀಳುತ್ತದೆ, ಹಾಗಾದರೆ ಎರಡು ಸ್ಟ್ಯಾಂಡ್ ಲೈಟ್ ತರಬೇಕು. ಕತ್ತಲೆ ರೂಮಿಗೆ ಲೈಟು ತರಬಹುದು ಪುಟ್ಟಿ, ಸಿಂಕ್ ಇಲ್ಲದ ರೂಮಿಗೆ ಸಿಂಕ್ ತರಲು ಆಗುವುದಿಲ್ಲ.

ಶಬ್ದಕ್ಕೆ ಒಂದೇ ಪರೀಕ್ಷೆ. ಮಧ್ಯದಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡಿ. ಗಣಗಣ ಅಂತ ಬಾಲ ಎಳೆದರೆ ನಿನ್ನ ಮಾತು ಹಿಂದಿನ ಟೇಬಲ್‌ಗೆ ಮುಟ್ಟುವುದಿಲ್ಲ. ಗಾಜು, ಸಿಮೆಂಟು ಎರಡಕ್ಕೂ ಈ ರೋಗ ಇದೆ. ದಪ್ಪ ಪರದೆ ಇಳಿಬಿಟ್ಟರೆ ಸುಮಾರು ಕಡಿಮೆಯಾಗುತ್ತದೆ. ಮತ್ತೆ, ಶನಿವಾರವೇ ಹೋಗು, ಕ್ಲಾಸಿನ ಹೊತ್ತಿಗೇ ಹೋಗು. ಮಂಗಳವಾರ ಬೆಳಿಗ್ಗೆ ಎಲ್ಲಾ ರೂಮೂ ಶಾಂತವಾಗಿಯೇ ಇರುತ್ತದೆ, ಪಕ್ಕದ ರೂಮಿನ ಡ್ರಮ್ಸ್ ಕ್ಲಾಸ್ ಗೊತ್ತಾಗುವುದು ಶನಿವಾರವೇ.

ಕರೆಂಟಿನ ಬಗ್ಗೆ ಎರಡೇ ಮಾತು. ಮಣ್ಣು ಒಣಗಿಸಲು ಹೀಟ್ ಗನ್ ತರುತ್ತೀಯಲ್ಲ, ಒಂದೊಂದೂ 1500ರಿಂದ 2000 ವ್ಯಾಟ್ ಎಳೆಯುತ್ತದೆ. 230 ವೋಲ್ಟಿನ, 16 ಆಂಪಿಯರ್‌ನ ಒಂದು ಲೈನ್ ತಡೆಯುವುದು ಸುಮಾರು 3680 ವ್ಯಾಟ್. ಎರಡು ಹಾಕಿದರೆ ಅಂಚಿಗೆ ಬಂದೆ, ಯಾರಾದರೂ ಕೆಟಲ್ ಹಾಕಿದರೆ ಟ್ರಿಪ್ ಆಗುತ್ತದೆ. ಯಾವ ಸಾಕೆಟ್ ಯಾವ ಲೈನ್ ಮೇಲಿದೆ, ಸ್ವಿಚ್ ಬೋರ್ಡ್ ರೂಮಿನ ಬೀಗ ಯಾರ ಹತ್ತಿರ ಇರುತ್ತದೆ ಅಂತ ಕೇಳಿಕೋ.

ಇನ್ನು ಚಿಕ್ಕಪ್ಪ ಹೇಳಿದ್ದಕ್ಕೆ. ಗಂಟೆಗೆ ಇಷ್ಟು ಅಂತ ಸುಮ್ನೆ ದುಡ್ಡು ಸುರಿಯುವ ಬದಲು ವರ್ಷಕ್ಕೆ ಒಂದು ಮಳಿಗೆಯನ್ನೇ ಹಿಡಿ ಅಂದಿದ್ದೀರಿ. ಗಂಟೆ ಲೆಕ್ಕಕ್ಕೆ ಅದು ಅಗ್ಗ, ನಿಜ. ಆದರೆ ಅವಳಿಗೆ ಬೇಕಿರುವುದು ವಾರಕ್ಕೆ ಒಂದು ಮಧ್ಯಾಹ್ನ. ಉಳಿದ ಆರು ದಿನದ ಬಾಡಿಗೆ, ಕರೆಂಟು, ನೀರು, ಬೀಗ, ಎಲ್ಲಾ ಅವಳ ತಲೆಮೇಲೆ. ಆರು ತಿಂಗಳು ಪ್ರತಿ ಶನಿವಾರ ತುಂಬಿ, ಇನ್ನೊಂದು ಬ್ಯಾಚಿಗೂ ಜನ ಕಾಯುತ್ತಿದ್ದರೆ ಆಗ ಈ ಮಾತು ಮತ್ತೆ ತೆಗೆಯೋಣ. ಫೀಸ್ ಲೆಕ್ಕವನ್ನೂ ಸ್ವಲ್ಪ ಬದಲಾಯಿಸು ಪುಟ್ಟಿ. ಬಾಡಿಗೆಯನ್ನು 12ರಿಂದ ಭಾಗಿಸಿದ್ದೀಯ. ಏಳರಿಂದ ಭಾಗಿಸು. ಮಳೆ ಬಂದ ದಿನ, ಪರೀಕ್ಷೆ ಇರುವ ವಾರ, ಅಷ್ಟೇ ಬರುತ್ತಾರೆ, ಅವತ್ತೂ ಕೈಯಿಂದ ಹಾಕುವ ಹಾಗೆ ಆಗಬಾರದು.

ಎರಡೂ ಜಾಗದವರಿಂದ ಒಪ್ಪಂದದ ಪ್ರತಿ ತರಿಸಿಕೋ, ಬಾಯಿಮಾತು ಬೇಡ. ನೀನು ರದ್ದು ಮಾಡಿದರೆ ಎಷ್ಟು ಕಳೆಯುತ್ತಾರೆ ಅನ್ನುವುದು ಎಲ್ಲದರಲ್ಲೂ ಇರುತ್ತದೆ, ಅವರು ರದ್ದು ಮಾಡಿದರೆ ನಿನಗೇನು ಕೊಡುತ್ತಾರೆ ಅನ್ನುವುದು ಇರುವುದಿಲ್ಲ, ಅದನ್ನು ಬರೆಸು. ಕ್ಲೀನಿಂಗ್ ಚಾರ್ಜು ಬೇರೆಯಾ, ಯಾರಿಗಾದರೂ ಪೆಟ್ಟಾದರೆ ಅವರ ವಿಮೆ ನಿನ್ನ ಕ್ಲಾಸಿಗೂ ಅನ್ವಯಿಸುತ್ತದಾ, ಇಷ್ಟಾದರೂ ಲಿಖಿತವಾಗಿ ಬರಲಿ. ಮೊದಲ ದಿನ ಬೀಗ ತೆಗೆದ ತಕ್ಷಣ ನೆಲ, ಗೋಡೆ, ಸಿಂಕಿನ ವಿಡಿಯೋ ಮಾಡಿ ಮಾಲೀಕರಿಗೆ ಕಳಿಸಿಬಿಡು, ಹಳೇ ಕಲೆ ನಿನ್ನ ಲೆಕ್ಕಕ್ಕೆ ಬರಬಾರದು. ತುರ್ತು ಬಾಗಿಲಿಗೆ ಅಡ್ಡ ಟೇಬಲ್ ಹಾಕಬೇಡ, ಎಷ್ಟೇ ಇಕ್ಕಟ್ಟಾದರೂ.

ಪ್ರತಿ ಬಂದಾಗ ಸಹಿ ಹಾಕುವ ಮುಂಚೆ ಇಲ್ಲೇ ಗ್ರೂಪಿಗೆ ಹಾಕು. ರದ್ದತಿಯ ಭಾಗ ನಾನು ಓದುತ್ತೇನೆ. ಡೆಪಾಸಿಟ್ಟಿನ ಭಾಗ ಚಿಕ್ಕಪ್ಪ ಓದಲಿ, ಜಗಳ ತೆಗೆಯಲು ಅವರಿಗೇ ಜಾಸ್ತಿ ಉತ್ಸಾಹ. ಶನಿವಾರ ಜಾಗ ನೋಡಲು ಹೋಗುವುದಾದರೆ ಹೇಳು, ಟೇಪಿನ ಇನ್ನೊಂದು ತುದಿ ಹಿಡಿಯಲು ಬರುತ್ತೇನೆ.