ಇಲ್ಯೇವುಸ್ ಬಂದರಿನಲ್ಲಿ ಒಂದು ಹಗಲು: ಹೋಗಿಬಂದವರು ಹೇಳಿ

ಜನವರಿಯಲ್ಲಿ ಬ್ರೆಜಿಲ್‌ನ ಸಾಂತೋಸ್‌ನಿಂದ ಕ್ರೂಸ್ ಹತ್ತುತ್ತಿದ್ದೇವೆ. ಹಡಗು ಬಹಿಯಾ ರಾಜ್ಯದ ಇಲ್ಯೇವುಸ್‌ನಲ್ಲಿ ಬೆಳಿಗ್ಗೆ ನಿಂತು ಸಂಜೆ ಹೊರಡುತ್ತದೆ. ಜೊತೆಗೆ ಅಮ್ಮ ಇದ್ದಾರೆ. ಸಸ್ಯಾಹಾರಿ, ಜಾಸ್ತಿ ನಡೆಯಲು ಆಗಲ್ಲ. ಸಣ್ಣ ಊರು, ಏನೂ ಇಲ್ಲ ಅಂತ ಕೆಲವರು ಅಂದರು. ಇಳಿಯಬೇಕಾ, ಹಡಗಲ್ಲೇ ಇರಬೇಕಾ?

* * *

ಖಂಡಿತ ಇಳಿಯಿರಿ. ಹಡಗು ನಿಲ್ಲುವುದು ಮಲ್ಯಾಡೋ ಬಂದರಿನಲ್ಲಿ. ಪೇಟೆ ಅಲ್ಲಿಂದ ಸ್ವಲ್ಪ ದೂರ, ಅಮ್ಮನನ್ನು ನಡೆಸಬೇಡಿ, ಟ್ಯಾಕ್ಸಿ ಮಾಡಿ. ಇಂಗ್ಲಿಷ್ ಬಲ್ಲವರು ಕಡಿಮೆ. ಹೋಗಿಬರುವ ಬಾಡಿಗೆ, ಕಾಯುವ ಹೊತ್ತು ಎಲ್ಲಾ ಸೇರಿ ಎಷ್ಟು ಅಂತ ಕಾಗದದಲ್ಲಿ ಬರೆಸಿಕೊಂಡೇ ಹತ್ತಿ. ಸೇಂಟ್ ಸೆಬಾಸ್ಟಿಯನ್ ಕೆಥೆಡ್ರಲ್ ಎದುರಿನ ಚೌಕದಲ್ಲಿ ಸುಮ್ನೆ ಕೂತರೂ ಹೊತ್ತು ಹೋಗುತ್ತದೆ.

* * *

ನಮ್ಮದು ಪುತ್ತೂರು ಕಡೆ, ತೋಟದಲ್ಲಿ ಅಡಿಕೆ ನಡುವೆ ಕೊಕ್ಕೋ ಇದೆ. ಹಾಗಾಗಿ ನನ್ನ ಮಾತು ಒಂದೇ: ಮೊದಲು ಕೊಕ್ಕೋ ತೋಟ, ಪೇಟೆ ಆಮೇಲೆ. ಉರುಸುಕಾ ಕಡೆಯ ರಸ್ತೆಗೆ ಅಲ್ಲಿಯವರು ಚಾಕೊಲೇಟ್ ರಸ್ತೆ ಅಂತಲೇ ಹೇಳುತ್ತಾರೆ. ಆ ದಾರಿಯಲ್ಲಿ ತೋಟ ತೋರಿಸುವವರಿದ್ದಾರೆ. ಮೊದಲೇ ಬುಕ್ ಮಾಡಿ.

ಕಾಡಿನ ದೊಡ್ಡ ಮರಗಳನ್ನು ಉಳಿಸಿಕೊಂಡು ಅವುಗಳ ನೆರಳಲ್ಲೇ ಕೊಕ್ಕೋ ಬೆಳೆಸುತ್ತಾರೆ. ಈ ಪದ್ಧತಿಗೆ ಕಬ್ರೂಕಾ ಅಂತ ಹೆಸರು. ಹಣ್ಣು ಒಡೆದು ಕೊಟ್ಟರೆ ಬಿಳಿ ತಿರುಳನ್ನು ಚೀಪಿ, ಬೀಜ ಕಚ್ಚಬೇಡಿ, ಕಹಿ. ತಿರುಳಿನಿಂದ ಇಳಿದ ರಸವನ್ನು ತಣ್ಣಗೆ ಮಾಡಿ ಕುಡಿಯಲು ಕೊಡುತ್ತಾರೆ, ಅಮ್ಮನಿಗೂ ಕೊಡಿಸಿ. ನನಗೆ ತುಂಬಾ ಹಿಡಿಸಿದ್ದು ಬೀಜ ಒಣಗಿಸುವ ಜಾಗ. ಎತ್ತರದ ಕಟ್ಟೆ, ಉದ್ದಕ್ಕೂ ಹಳಿ, ಹಳಿಯ ಮೇಲೆ ಗಾಲಿ ಇರುವ ಮಾಡು. ಅಲ್ಲಿ ಮಳೆಗೆ ಕಾಲ ಅಂತಿಲ್ಲ, ವರ್ಷವಿಡೀ ಬರುತ್ತದೆ. ಹನಿ ಬಿದ್ದ ತಕ್ಷಣ ಇಬ್ಬರು ಮಾಡನ್ನೇ ತಳ್ಳಿಕೊಂಡು ಬಂದು ಬೀಜದ ಮೇಲೆ ಮುಚ್ಚಿಬಿಟ್ಟರು! ಬಾಚಿ, ಹೊತ್ತು, ಒಳಗೆ ಓಡುವ ಕೆಲಸವೇ ಇಲ್ಲ.

1989ರಲ್ಲಿ ಅಲ್ಲಿಗೆ ಒಂದು ಶಿಲೀಂಧ್ರ ರೋಗ ಬಂತು. ಚಿಗುರೆಲ್ಲ ಪೊರಕೆಯ ಹಾಗೆ ಕವಲೊಡೆದು ಒಣಗುತ್ತದೆ. ತೋಟಗಳು ಹಾಳಾದವು, ಕೂಲಿಯವರು ಕೆಲಸ ಕಳೆದುಕೊಂಡು ಊರು ಬಿಟ್ಟರು. ಆ ರೋಗ ನಮ್ಮ ದೇಶದಲ್ಲಿ ಇಲ್ಲ. ದಯವಿಟ್ಟು ಹಣ್ಣು, ಹಸಿ ಬೀಜ, ಗಿಡದ ಕಡ್ಡಿ ಏನನ್ನೂ ತರಬೇಡಿ. ಚಾಕೊಲೇಟ್ ಬೇಕಾದಷ್ಟು ತನ್ನಿ.

* * *

ಊಟದ ಬಗ್ಗೆ: ಬಿಳಿ ಬಟ್ಟೆ ಉಟ್ಟ ಹೆಂಗಸರು ಬೀದಿಬದಿಯಲ್ಲಿ ಅಕರಜೆ ಮಾರುತ್ತಾರೆ. ಅಲಸಂದೆ ರುಬ್ಬಿ ತಾಳೆ ಎಣ್ಣೆಯಲ್ಲಿ ಕರಿದದ್ದು, ನಮ್ಮ ವಡೆಯ ಹಾಗೇ. ಆದರೆ ಒಳಗೆ ತುಂಬುವುದರಲ್ಲಿ ಸಿಗಡಿ ಇರುತ್ತದೆ. ಎಣ್ಣೆಗೆ, ಹಿಟ್ಟಿಗೆ ಏನು ಹಾಕಿದ್ದಾರೆ ಅಂತಲೂ ಕೇಳಿ. ಸಂಶಯ ಬಂದರೆ ಎಳನೀರು, ಹಣ್ಣು ಸಾಕು.

* * *

ಯಾರೂ ಇದನ್ನು ಹೇಳಲಿಲ್ಲ. ಬ್ರೆಜಿಲ್‌ನಿಂದ ಭಾರತಕ್ಕೆ ಬರುವವರ ಹತ್ತಿರ ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಇರಲೇಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನ್‌ಗೆ ಕಳಿಸಬಹುದು. ಚುಚ್ಚಿಸಿಕೊಂಡ 10 ದಿನಗಳ ನಂತರವಷ್ಟೇ ಅದು ಊರ್ಜಿತ. ವಯಸ್ಸಾದವರಿಗೆ ಈ ಲಸಿಕೆ ಕೊಡುವ ಮೊದಲು ಡಾಕ್ಟರು ನೋಡಬೇಕು, ಅಮ್ಮನನ್ನು ಈ ತಿಂಗಳೇ ಕರೆದುಕೊಂಡು ಹೋಗಿ.