ಬಿಟ್ಟುಬಂದ ಸೆಂಟರ್‌ನಲ್ಲಿ ಇನ್ನೂ ನನ್ನ ಬ್ಯಾಡ್ಜ್: ಎಕ್ಸ್‌ರೇ, ರೇಡಿಯೋಥೆರಪಿ ಸ್ಟಾಫ್ ಪ್ರಶ್ನೋತ್ತರ

ಅಡ್ಮಿನ್: ಕೋಲಾರ, ಚಿಕ್ಕಬಳ್ಳಾಪುರದ ಟೆಕ್ನಿಷಿಯನ್ನರಿಗೆಲ್ಲ ನಮಸ್ಕಾರ. ಇವತ್ತು ಸಂಜೆ ಮೇಡಂ ಉತ್ತರ ಕೊಡುತ್ತಾರೆ. ಅವರು ಮೆಡಿಕಲ್ ಫಿಸಿಸಿಸ್ಟ್, ಆರ್‌ಎಸ್‌ಒ (ರೇಡಿಯೇಷನ್ ಸುರಕ್ಷತಾ ಅಧಿಕಾರಿ) ಕೂಡ. ರಿಜಿಸ್ಟ್ರೇಷನ್, ಸಿಪಿಡಿ (ಕೆಲಸದಲ್ಲಿದ್ದುಕೊಂಡೇ ಮುಂದುವರಿಸುವ ಕಲಿಕೆ), ಮೈಗೆ ಬಿದ್ದ ರೇಡಿಯೇಷನ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್, ಏನಿದ್ದರೂ ಕೇಳಿ. ಹೂವಿನ ಫೋಟೋ ಬೇಡ.

ಮಾಲೂರು: ಮೇಡಂ, ಹೊಸ ಕಾಯ್ದೆಯಲ್ಲಿ ಡಿಪ್ಲೊಮಾದವರಿಗೆ ರಿಜಿಸ್ಟ್ರೇಷನ್ ಇದೆಯಾ?

ಮೇಡಂ: ಇದೆ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಡಿಪ್ಲೊಮಾ, ಡಿಗ್ರಿ ಎರಡನ್ನೂ ಹೇಳುತ್ತದೆ. ಕೋರ್ಸ್ ಎರಡರಿಂದ ನಾಲ್ಕು ವರ್ಷದ್ದಾಗಿರಬೇಕು, 2000 ಗಂಟೆಗಿಂತ ಕಡಿಮೆ ಇರಬಾರದು.

ಗೌರಿಬಿದನೂರು: ಭಾನುವಾರದ ವೆಬಿನಾರ್‌ಗೆ 300 ರೂಪಾಯಿ ಕಟ್ಟಿದರೆ ಸಿಪಿಡಿ ಕ್ರೆಡಿಟ್ ಅಂತೆ. ಕ್ಯಾಮೆರಾ ಆಫ್ ಇದ್ದರೂ ಸರ್ಟಿಫಿಕೇಟ್ ಬರುತ್ತೆ. ಸೇರಲಾ?

ಮೇಡಂ: ಯಾವ ಕೌನ್ಸಿಲ್ ಆ ಕ್ರೆಡಿಟ್ ಒಪ್ಪುತ್ತದೆ ಅಂತ ಅವರಿಂದ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ದುಡ್ಡು ಉಳಿಸಿ.

ಚಿಂತಾಮಣಿ: ಮೇಡಂ, ಡಿಸೆಂಬರ್ ಕೊನೆಗೆ ಒಂದು ಸೆಂಟರ್ ಬಿಟ್ಟೆ. ಬ್ಯಾಡ್ಜ್ ರಿಸೆಪ್ಷನ್‌ನಲ್ಲಿ ಕೊಟ್ಟು ಬಂದೆ. ಈಗ ಕೋಲಾರದ ಆಸ್ಪತ್ರೆಗೆ ಸೇರಿದ್ದೇನೆ. ಹೊಸ ಬ್ಯಾಡ್ಜ್‌ಗೆ ಅರ್ಜಿ ಹಾಕಿದಾಗ, ನನ್ನ ಹಳೇ ನಂಬರಿಗೆ ಜನವರಿಯಿಂದ ಮಾರ್ಚ್‌ವರೆಗೆ 14 ಮಿಲಿಸೀವರ್ಟ್ ರೇಡಿಯೇಷನ್ ಬಂದಿದೆ ಅಂದರು. ಆ ಮೂರು ತಿಂಗಳು ನಾನು ಮನೆಯಲ್ಲಿದ್ದೆ. ಹೊಸ ಆಸ್ಪತ್ರೆಯವರು ಸಿಟಿ ಸ್ಕ್ಯಾನ್ ಡ್ಯೂಟಿಗೆ ಹಾಕಲ್ಲ ಅಂತಿದ್ದಾರೆ. ಹಳೇ ಸೆಂಟರ್‌ನಲ್ಲಿರುವ ಹುಡುಗ ಒಂದು ಫೋಟೋ ಕಳಿಸಿದ್ದಾನೆ. ಎದೆಯ ಎಕ್ಸ್‌ರೇ ತೆಗೆಯುವ ಚೆಸ್ಟ್ ಸ್ಟ್ಯಾಂಡ್ ಪಕ್ಕದ ಮೊಳೆಗೆ ಸೀಸದ ಏಪ್ರನ್ ನೇತುಹಾಕಿದ್ದಾರೆ. ಅದರ ಮೇಲೆ ನನ್ನ ಹೆಸರಿನ ಬ್ಯಾಡ್ಜ್!

ಬಂಗಾರಪೇಟೆ: ಭಯ ಪಡಬೇಡಮ್ಮ. ಇದನ್ನು ಓದು. *ಫಾರ್ವರ್ಡ್: ಡ್ಯೂಟಿ ಮುಗಿದ ತಕ್ಷಣ ಬಾಳೆಹಣ್ಣು, ಬೆಲ್ಲ, ಅರಿಶಿನದ ಹಾಲು ತಗೊಂಡರೆ ಮೈಯಲ್ಲಿ ಸೇರಿದ ರೇಡಿಯೇಷನ್ ಇಳಿಯುತ್ತದೆ. ವಾರಕ್ಕೊಮ್ಮೆ ಅಯೋಡಿನ್ ಮಾತ್ರೆ.*

ಮೇಡಂ: ಚಿಂತಾಮಣಿಯವರೇ, ಆ ಫೋಟೋ ಜೋಪಾನ. ತಾರೀಖು ಕಾಣುವ ಹಾಗೆ ಇನ್ನೊಂದು ಕಡೆಯೂ ಇಟ್ಟುಕೊಳ್ಳಿ.

ಎಕ್ಸ್‌ರೇ ಟೆಕ್ನಿಷಿಯನ್‌ಗೆ ಮೂರು ತಿಂಗಳಿಗೆ 14 ಬರುವುದು ಸಾಮಾನ್ಯ ಅಲ್ಲ. ಸರಿಯಾಗಿ ಕೆಲಸ ಮಾಡುವವರ ರಿಪೋರ್ಟ್ ಹೆಚ್ಚಾಗಿ ಸೊನ್ನೆಯ ಹತ್ತಿರವೇ ಇರುತ್ತದೆ. ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30. ನೀವು ಮಿತಿ ದಾಟಿಲ್ಲ. ಆದರೆ 10 ದಾಟಿದರೆ ವಿಚಾರಣೆ ಇರುತ್ತದೆ, ಆಗ ಉತ್ತರ ಕೊಡಬೇಕಾದವರು ನೀವು. ಪರ್ಸನಲ್ ನಂಬರ್ ಒಬ್ಬರಿಗೆ ಒಂದೇ. ನೀವು ಎಲ್ಲಿ ಕೆಲಸಕ್ಕೆ ಹೋದರೂ ಲೆಕ್ಕ ಜೊತೆಗೇ ಬರುತ್ತದೆ.

ಮತ್ತೆ ಓದಿಸಿ ಅನ್ನಲೂ ಆಗದು. ಬ್ಯಾಡ್ಜ್‌ನೊಳಗಿನ ಡಿಸ್ಕ್ ಬಿಸಿ ಮಾಡಿ ಓದುತ್ತಾರೆ, ಓದಿದಾಗಲೇ ಅದರಲ್ಲಿದ್ದ ಲೆಕ್ಕ ಅಳಿಸಿಹೋಗುತ್ತದೆ. ಮೂರು ಡಿಸ್ಕ್‌ಗಳನ್ನು ಹೋಲಿಸಿದರೆ ಯಾವ ತರದ ಕಿರಣ ಅಂತ ಅಂದಾಜು ಸಿಗಬಹುದು. ಯಾರು ಹಾಕಿಕೊಂಡಿದ್ದರು ಅನ್ನುವುದು ಸಿಗಲ್ಲ. ಹಾಗಾಗಿ ನಿಮ್ಮ ಸಾಕ್ಷಿ ಕಾಗದವೇ: ರಿಲೀವಿಂಗ್ ಲೆಟರ್, ಕೊನೆ ಸಂಬಳದ ಬ್ಯಾಂಕ್ ಪುಟ, ಈ ಫೋಟೋ. ಹಳೇ ಸೆಂಟರ್‌ಗೂ ಟಿಎಲ್‌ಡಿ ಲ್ಯಾಬ್‌ಗೂ ಪತ್ರ ಹಾಕಿ, ಹೊಸ ಆಸ್ಪತ್ರೆಯ ಆರ್‌ಎಸ್‌ಒಗೆ ಪ್ರತಿ ಕೊಡಿ. ಇ-ಲೋರಾದಲ್ಲಿ (ರೇಡಿಯೇಷನ್ ಲೈಸೆನ್ಸ್‌ನ ಸರ್ಕಾರಿ ಪೋರ್ಟಲ್) ಹಳೇ ಸೆಂಟರ್‌ನ ಪಟ್ಟಿಯಿಂದ ನಿಮ್ಮ ಹೆಸರು ತೆಗೆಸಿ. ಅದು ಇನ್ನೂ ಅಲ್ಲೇ ಇದ್ದರೆ ಕ್ವಾಲಿಫೈಡ್ ಟೆಕ್ನಿಷಿಯನ್ ಇದ್ದಾರೆ ಅಂತ ತೋರಿಸಲಿಕ್ಕೆ. ನನಗೆ ಅನುಮಾನ ಅದೇ.

ಬಂಗಾರಪೇಟೆಯವರೇ, ಎಕ್ಸ್‌ರೇ ಮೈಯಲ್ಲಿ ಸೇರಿಕೊಳ್ಳಲ್ಲ, ಇಳಿಸಲಿಕ್ಕೆ ಏನೂ ಇಲ್ಲ. ಬಾಳೆಹಣ್ಣು ತಿನ್ನಿ, ಹಸಿವಿದ್ದರೆ. ಅಯೋಡಿನ್ ಮಾತ್ರೆ ರೇಡಿಯೋಆಕ್ಟಿವ್ ಅಯೋಡಿನ್ ಮೈಗೆ ಸೇರುವ ಅಪಾಯಕ್ಕೆ ಮಾತ್ರ. ಸುಮ್ನೆ ನುಂಗಿದರೆ ಥೈರಾಯ್ಡ್ ಕೆಡಬಹುದು.

ಶಿಡ್ಲಘಟ್ಟ: ನಮ್ಮಲ್ಲಿ ರೇಡಿಯೋಥೆರಪಿಯ ಹಳೇ ಕೋಬಾಲ್ಟ್ ಮೆಷಿನ್ ತೆಗೆದು ಲಿನಾಕ್ ಮೆಷಿನ್ ಹಾಕ್ತಿದ್ದಾರೆ ಮೇಡಂ. ಟ್ರೈನಿಂಗ್ ಎಷ್ಟು ದಿನ ಕೇಳಬೇಕು?

ಮುಳಬಾಗಿಲು: ಡಿಪ್ಲೊಮಾಗೆ ರಿಜಿಸ್ಟ್ರೇಷನ್ ಇದೆಯಾ ಮೇಡಂ?

ಮೇಡಂ: ಮೇಲೆ ಓದಿ.

ಬಾಗೇಪಲ್ಲಿ: ಡಿಪ್ಲೊಮಾಗೂ ಬಿಎಸ್ಸಿಗೂ ಒಂದೇ ರಿಜಿಸ್ಟರ್ ಅಂದ್ರೆ ನಾವು ಜಾಸ್ತಿ ಓದಿದ್ದು ಯಾಕೆ?

ಮಾಲೂರು: ನೀವು ಓದುವಾಗ ನಿಮಗೆ ಪೊಸಿಷನಿಂಗ್ ಹೇಳಿಕೊಟ್ಟಿದ್ದು ನಮ್ಮಂಥ ಡಿಪ್ಲೊಮಾದವರೇ ಕಣಪ್ಪ.

ಬಾಗೇಪಲ್ಲಿ: ಅಣ್ಣಾ, ಡಾರ್ಕ್‌ರೂಮ್ ಕಾಲ ಮುಗೀತು.

ಮಾಲೂರು: ನೈಟ್ ಡ್ಯೂಟಿಗೆ ಮಾತ್ರ ಅಣ್ಣಾ ನೆನಪಾಗ್ತಾನೆ ಅಲ್ವಾ?

ಅಡ್ಮಿನ್: ಇಬ್ಬರೂ ಪರ್ಸನಲ್ ಮೆಸೇಜ್‌ನಲ್ಲಿ ಜಗಳ ಆಡಿ.

ಕೋಲಾರ ಟೌನ್: ಇಂಗ್ಲೆಂಡ್‌ಗೆ ಹೋಗೋಣ ಅಂತಿದ್ದೀನಿ ಮೇಡಂ. ಅಲ್ಲಿ ಸಿಪಿಡಿಗೆ ಎಷ್ಟು ಪಾಯಿಂಟ್?

ಮೇಡಂ: ಅಲ್ಲಿ ರಿಜಿಸ್ಟ್ರೇಷನ್ ಕೊಡುವ ಕೌನ್ಸಿಲ್ ಎಚ್‌ಸಿಪಿಸಿ. ಅದು ಪಾಯಿಂಟ್ ಎಣಿಸಲ್ಲ. ಎರಡು ವರ್ಷಕ್ಕೊಮ್ಮೆ ರಿನ್ಯೂವಲ್. ಆಗ ನೂರಕ್ಕೆ ಎರಡೂವರೆ ಜನರನ್ನು ಆರಿಸಿ, ಏನು ಕಲಿತಿರಿ, ಅದರಿಂದ ರೋಗಿಗೆ ಏನು ಅನುಕೂಲ ಆಯಿತು ಅಂತ ಬರೆದುಕೊಡಲು ಹೇಳುತ್ತದೆ. ಈಗಿನಿಂದಲೇ ಒಂದು ನೋಟ್‌ಬುಕ್ ಇಡಿ.

ಬಂಗಾರಪೇಟೆ: *ಫಾರ್ವರ್ಡ್: ಇಂದೇ ಈ ಲಿಂಕ್‌ನಲ್ಲಿ ಹಣ ಕಟ್ಟಿ ರಿಜಿಸ್ಟರ್ ಆಗಿ, ಇಲ್ಲದಿದ್ದರೆ ಕೆಲಸ ಹೋಗುತ್ತದೆ.*

ಮೇಡಂ: ಯಾರೂ ಕಟ್ಟಬೇಡಿ. ಬಂಗಾರಪೇಟೆಯವರೇ, ಕಳಿಸುವ ಮುಂಚೆ ನೀವಾದರೂ ಓದಿದ್ದೀರಾ?

ಬಂಗಾರಪೇಟೆ: ಒಳ್ಳೇದಕ್ಕೆ ಕಳಿಸಿದರೆ ಬೈತೀರಲ್ಲ. ದೊಡ್ಡವರು ಅಂತ ಗೌರವ ಬೇಡವಾ?

ಶಿಡ್ಲಘಟ್ಟ: ಮೇಡಂ, ಲಿನಾಕ್?

ಚಿಂತಾಮಣಿ: ಮೇಡಂ, ಹಳೇ ಓನರ್‌ಗೆ ಪತ್ರದ ವಿಷಯ ಹೇಳಿದೆ. ಕಳಿಸಬೇಡ, ಎಕ್ಸ್‌ಪೀರಿಯೆನ್ಸ್ ಲೆಟರ್‌ನಲ್ಲಿ ಮಾರ್ಚ್‌ವರೆಗೆ ಹಾಕಿಕೊಡ್ತೀನಿ ಅಂತಿದ್ದಾರೆ.

ಮೇಡಂ: ಮುಟ್ಟಬೇಡಿ ಆ ಲೆಟರ್! ತಗೊಂಡರೆ ಆ 14 ನಿಮ್ಮದೇ ಅಂತ ನೀವೇ ಒಪ್ಪಿಕೊಂಡ ಹಾಗೆ. ಪತ್ರ ಇವತ್ತೇ ಸ್ಪೀಡ್ ಪೋಸ್ಟ್‌ಗೆ ಸಿದ್ಧ ಮಾಡಿ, ಡ್ರಾಫ್ಟ್ ನನಗೆ ಕಳಿಸಿ. ಈ ಗುಂಪಿಗೆ ಹಾಕಬೇಡಿ.